ಅಣ್ಣನ ಬಿಪಿ ಇಳಿದ ವರ್ಷ

ಅಣ್ಣ ಎಸೆದ ಸ್ಟೀಲ್ ತಟ್ಟೆ ಅತ್ತಿಗೆಯ ಹುಬ್ಬಿಗೆ ಬಡಿದು, ಗೋಡೆಗೆ ತಾಗಿ, ನೆಲದ ಮೇಲೆ ಗಿರಗಿರ ತಿರುಗಿ ನಿಂತಿತು. ಗೋಡೆಯ ಮೇಲಿಂದ ಬಂಗಡೆ ಮೀನಿನ ಸಾರು ಇಳಿಯುತ್ತಿತ್ತು, ಅವಳ ಕಣ್ಣಿನ ಮೇಲಿಂದ ರಕ್ತ. ಆ ಭಾನುವಾರ ನಾನು ಹೊನ್ನಾವರದಿಂದ ಶಿರಾಲಿಗೆ, ಅಣ್ಣನ ಮನೆಗೆ ಊಟಕ್ಕೆಂದು ಬಂದಿದ್ದೆ. ಅಣ್ಣ ಮೊದಲ ತುತ್ತು ಬಾಯಿಗಿಟ್ಟವನೇ, "ಇದಕ್ಕೆ ಉಪ್ಪು ಹಾಕಿದ್ಯಾ ಇಲ್ವಾ?" ಎಂದು ಕೇಳಿದ. "ಡಾಕ್ಟ್ರು ಕಮ್ಮಿ ಮಾಡುಕೆ ಹೇಳಿದ್ರಲ್ಲ" ಎಂದಳು ಅತ್ತಿಗೆ. ನಡೆದ ಮಾತು ಇಷ್ಟೇ.

ಅಮ್ಮ ಅರಿಶಿನ ಪುಡಿ ತಂದು ಅತ್ತಿಗೆಯ ಹುಬ್ಬಿಗೆ ಒತ್ತಿ ಹಿಡಿದಳು. "ಬಿಪಿ ಏರಿತು ಅಂವಂಗೆ. ಏರಿದ್ರೆ ಅಂವಂಗೆ ಕಣ್ಣೇ ಕಾಣುದಿಲ್ಲ. ಎಂತ ಮಾಡುದು?" ಎಂದು ನನ್ನ ಕಡೆ ನೋಡಿದಳು.

ಅಣ್ಣನದು ಹೆದ್ದಾರಿ ಬದಿಯಲ್ಲಿ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ. ಅವನು ಕೆಲಸದವನೊಬ್ಬನ ಬೆನ್ನಿಗೆ ಪೈಪಿನಿಂದ ಬಾರಿಸಿದಾಗಲೂ, ಜಗಳಕ್ಕೆ ಬಂದ ಗಿರಾಕಿಯ ಸ್ಕೂಟರನ್ನು ಒದ್ದು ಗಟಾರಕ್ಕೆ ಕೆಡವಿದಾಗಲೂ, ಅತ್ತಿಗೆಯ ಬೆರಳು ತಿರುಚಿ ಮುರಿದಾಗಲೂ ಊರವರೆಲ್ಲ ಹೇಳಿದ್ದು ಒಂದೇ: ಅವನಿಗೆ ಬಿಪಿ. ಅಪ್ಪ ಸತ್ತದ್ದೂ ಬಿಪಿ ಏರಿ, ಮೆದುಳಿನ ನರ ಒಡೆದು. ಹಾಗಾಗಿ ಆ ಎರಡಕ್ಷರಕ್ಕೆ ನಮ್ಮ ಮನೆಯಲ್ಲಿ ದೇವರಿಗೆ ಇದ್ದಷ್ಟೇ ಭಯಭಕ್ತಿ. ಅಣ್ಣನೇ ಕೈ ಎತ್ತುವ ಮುಂಚೆ, "ನನ್ ಬಿಪಿ ಏರಿಸ್ಬೇಡ" ಎನ್ನುತ್ತಿದ್ದ. ಅಂದರೆ ಮುಂದೆ ಬೀಳುವ ಏಟಿಗೆ ಅತ್ತಿಗೆಯೇ ಹೊಣೆ.

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಎರಡು ಸಂಗತಿಗಳ ನಡುವೆ ನಂಟಿದೆ ಎಂದು ಯಾರಾದರೂ ಹೇಳಿದರೆ, ಅಳೆದು ನೋಡು ಎನ್ನುವುದು ನನ್ನ ಅಭ್ಯಾಸ. ಉಪ್ಪಿಗೂ ರಕ್ತದೊತ್ತಡಕ್ಕೂ ನಂಟಿದೆ ಎನ್ನುವುದು ವೈದ್ಯರಿಗೆ ಎಂದೋ ಗೊತ್ತಾದ ಮಾತು. ಒತ್ತಡಕ್ಕೂ ಅಣ್ಣನ ಕೈಗೂ ನಂಟಿದೆ ಎನ್ನುವುದು ನಮ್ಮ ಮನೆಯವರ ನಂಬಿಕೆ. ಒಂದನ್ನು ಇಳಿಸಿದರೆ ಉಳಿದೆರಡೂ ಇಳಿಯಬೇಕಲ್ಲ? ಭಟ್ಕಳದ ಡಾಕ್ಟರನ್ನು ಕೇಳಿದೆ. "ಮಾತ್ರೆ ಈಗಿನದ್ದೇ ಇರ್ಲಿ. ಉಪ್ಪು ಮಾತ್ರ ಇಳಿಸಿ, ದಿನಾ ಬಿಪಿ ನೋಡಿ. ಯಾವ್ದರಿಂದ ಎಷ್ಟು ಇಳೀತು ಅಂತ ಆಗ ಗೊತ್ತಾಗ್ತದೆ" ಎಂದರು. ತೋಳಿಗೆ ಕಟ್ಟುವ ಯಂತ್ರವೊಂದನ್ನು ತಂದು ಅತ್ತಿಗೆಗೆ ಕೊಟ್ಟೆ. ಅಪ್ಪ ಸತ್ತ ವಯಸ್ಸು ಹತ್ತಿರವಾಗುತ್ತಿದ್ದದ್ದರಿಂದ ಅಣ್ಣನೂ ಹೆದರಿ ಒಪ್ಪಿದ.

ಅತ್ತಿಗೆಯ ತವರು ಧಾರೇಶ್ವರ. ಅಲ್ಲಿಂದ ಅವಳಿಗೆ ಸಾಣಿಕಟ್ಟೆಯ ಕಂದು ಬಣ್ಣದ ಕಲ್ಲುಪ್ಪು ಬರುತ್ತಿತ್ತು. ಹರಳು ಸಣ್ಣದು ದೊಡ್ಡದು ಇರುವುದರಿಂದ ಚಮಚದ ಲೆಕ್ಕ ನಂಬುವ ಹಾಗಿರಲಿಲ್ಲ. ಪುಟ್ಟ ತಕ್ಕಡಿಯಲ್ಲಿ ದಿನದ ಉಪ್ಪು ತೂಗಿ ಬಟ್ಟಲಿಗೆ ಹಾಕಿಡುವುದು ಅತ್ತಿಗೆಯ ಕೆಲಸ. ಬೆಳಿಗ್ಗೆ ಸಂಜೆ ಅಣ್ಣನ ತೋಳಿಗೆ ಪಟ್ಟಿ ಕಟ್ಟಿ, ಬಂದ ಅಂಕೆಯನ್ನು ನನ್ನ ಫೋನಿಗೆ ಕಳಿಸುತ್ತಿದ್ದಳು. ಏಟು ಬಿದ್ದ ದಿನ ಅಂಕೆಯ ಕೆಳಗೆ ಒಂದು ಪದ ಇರುತ್ತಿತ್ತು: "ಆತು."

ಮೊದಮೊದಲು ಒತ್ತಡ ಇಳಿಯಲೇ ಇಲ್ಲ. ಕಾರಣ ಕೆಲವೇ ವಾರಗಳಲ್ಲಿ ತಿಳಿಯಿತು. ಅಮ್ಮ ಮಧ್ಯಾಹ್ನ ಅಂಗಡಿಗೆ ಒಯ್ಯುತ್ತಿದ್ದ ಬುತ್ತಿಯಲ್ಲಿ ಒಣಮೀನು, ಉಪ್ಪುನೀರಿನ ಮಾವಿನಕಾಯಿ ಬಚ್ಚಿಟ್ಟು ಮಗನಿಗೆ ಬಡಿಸುತ್ತಿದ್ದಳು. ತೂಗಿದ ಉಪ್ಪಿಗಿಂತ ಹೆಚ್ಚು ಉಪ್ಪು ಆ ಬುತ್ತಿಯಲ್ಲೇ ಇತ್ತು. ನಾನು ಇದನ್ನು ಎತ್ತಿ ಆಡಿದಾಗ ಅಣ್ಣ ಎದ್ದು ಮಾವಿನಕಾಯಿಯ ಭರಣಿಯನ್ನು ಅಂಗಳಕ್ಕೆ ಹೊತ್ತು ತಂದ. ಅಂಗಡಿಯ ದೊಡ್ಡ ಸುತ್ತಿಗೆಯಿಂದ ಒಂದೇ ಏಟು. ಪಿಂಗಾಣಿಯ ಚೂರೊಂದು ಹಾರಿ ಅಮ್ಮನ ಪಾದ ಸೀಳಿತು. ಆಮೇಲೆ ತಿರುಗಿ ಅತ್ತಿಗೆಯ ಕೆನ್ನೆಗೆ ಎರಡು ಬಿಗಿದ, "ನೀನೇ ಚಾಡಿ ಹೇಳಿದ್ದು" ಎಂದು. ಅಮ್ಮ ಉಪ್ಪುನೀರಿನಲ್ಲಿ ಕೂತು ಸೀರೆಯ ಸೆರಗನ್ನು ಗಾಯಕ್ಕೆ ಸುತ್ತಿಕೊಳ್ಳುತ್ತಾ, "ನಾ ಉಪ್ಪು ತಿನ್ಸಿದ್ದಕ್ಕೇ ಹೀಗಾತು ಅಂವಂಗೆ" ಎಂದು ಅತ್ತಳು.

ಅಲ್ಲಿಂದ ಮುಂದೆ ಉಪ್ಪು ನಿಜವಾಗಿಯೂ ಇಳಿಯಿತು. ಒತ್ತಡವೂ ಇಳಿಯಿತು. ಒಂದು ವಾರ ಮೇಲೆ, ಒಂದು ವಾರ ಕೆಳಗೆ, ಆದರೆ ಒಟ್ಟಿನಲ್ಲಿ ಇಳಿಜಾರು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಅಣ್ಣನ ಬೆನ್ನು ತಟ್ಟಿದರು. ನಾನು ಬರೆದುಕೊಟ್ಟ ಬಿಪಿಯ ನಕ್ಷೆಯನ್ನು ಅವನು ಫೋನಿನಲ್ಲಿ ಇಟ್ಟುಕೊಂಡು ಗಿರಾಕಿಗಳಿಗೆ ತೋರಿಸುತ್ತಿದ್ದ. "ಬರೀ ಉಪ್ಪು ಬಿಟ್ಟದ್ದು ಮಾರಾಯ, ನೋಡು."

ಅವನಿಗೆ ಕಳಿಸದ ಇನ್ನೊಂದು ನಕ್ಷೆ ನನ್ನ ಹತ್ತಿರ ಇತ್ತು. ಅದೇ ಗೆರೆಯ ಮೇಲೆ, ಅತ್ತಿಗೆ "ಆತು" ಎಂದು ಬರೆದ ದಿನಗಳಿಗೆಲ್ಲ ಕಪ್ಪು ಚುಕ್ಕೆ ಇಟ್ಟಿದ್ದೆ. ಗೆರೆ ಇಳಿಯುತ್ತಾ ಹೋದಂತೆ ಚುಕ್ಕೆಗಳು ಕಡಿಮೆಯಾಗಬೇಕಿತ್ತು. ಆಗಿರಲಿಲ್ಲ. ಮೇಲಿದ್ದಾಗ ಎಷ್ಟು ಒತ್ತೊತ್ತಾಗಿದ್ದವೋ ಕೆಳಗಿಳಿದಾಗಲೂ ಅಷ್ಟೇ ಒತ್ತೊತ್ತಾಗಿದ್ದವು. ಅಡುಗೆಮನೆಯಲ್ಲಿ ಅದನ್ನು ಅತ್ತಿಗೆಗೆ ತೋರಿಸಿ ಅರ್ಥ ಹೇಳಿದೆ.

"ಹಂಗಾರೆ ಇದು ಉಪ್ಪಿಂದಲ್ಲ?"

"ಅಲ್ಲ ಅತ್ತಿಗೆ."

"ಕಮ್ಮಿ ಹಾಕ್ತಾ ಹಾಕ್ತಾ ಒಂದಿನ ನಿಲ್ತದೆ ಅಂದ್ಕಂಡಿದ್ದೆ" ಎಂದಳು. ಒಲೆಯ ಮೇಲೆ ಅನ್ನ ಉಕ್ಕಿ ಬೆಂಕಿ ಆರಿತು. ಇಬ್ಬರೂ ಏಳಲಿಲ್ಲ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಧಾರೇಶ್ವರದಲ್ಲಿ ಅತ್ತಿಗೆಯ ತಾಯಿಗೆ ಜ್ವರ ಬಂತು. ನಾನು ಶಿರಾಲಿಯಲ್ಲಿದ್ದೆ. ಊಟಕ್ಕೆ ಮುಂಚೆ ನಾನೇ ಅಣ್ಣನ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದೆ: ನೂರಿಪ್ಪತ್ತಾರು, ಎಂಬತ್ತು. ಅವನು ನಗುತ್ತಾ ಊಟ ಮಾಡಿ ಎದ್ದ. ಬಾಗಿಲ ಹಿಂದೆ ಅತ್ತಿಗೆಯ ಬಟ್ಟೆಚೀಲ ಕಂಡಿತು.

"ಯಾರನ್ನ ಕೇಳಿ ಕಟ್ಟಿದೆ ಇದನ್ನ?"

"ಅಬ್ಬಿಗೆ ಹುಷಾರಿಲ್ಲ. ಎರಡು ದಿನಕ್ಕೆ ಬತ್ತೆ."

ಅಣ್ಣ ಅಂಗಳಕ್ಕೆ ಇಳಿದು ಗೇಟು ಹಾಕಿ, ಚಿಲಕ ಎಳೆದ. ಕೈಗಡಿಯಾರ ಬಿಚ್ಚಿ ಜಗಲಿಯ ಕಟ್ಟೆಯ ಮೇಲಿಟ್ಟ. ಅಂಗಡಿಯಿಂದ ತಂದು ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳುಗಳಲ್ಲಿ ಒಂದನ್ನು ಆರಿಸಿ ತೆಗೆದ. ಆರಿಸಿದ್ದನ್ನು ನಾನು ನೋಡಿದೆ. ಆಮೇಲೆ ಒಳಗೆ ಬಂದು ಅತ್ತಿಗೆಯ ಜಡೆ ಹಿಡಿದು ಮೆಟ್ಟಿಲುಗಳ ಮೇಲಿಂದ ಅಂಗಳಕ್ಕೆ ಎಳೆದುಕೊಂಡೇ ಹೋದ. ಬಟ್ಟೆ ಒಗೆಯುವ ಕಲ್ಲಿಗೆ ಅವಳ ತಲೆ ಬಡಿಯಿತು. ನಾನು ಹಿಂದಿನಿಂದ ಅವನ ಅಂಗಿ ಹಿಡಿದೆ. ಅವನ ಮೊಣಕೈ ನನ್ನ ಬಾಯಿಗೆ ಬಂದು ಮುಂದಿನ ಹಲ್ಲು ಮುರಿಯಿತು. ಸರಳು ಎದ್ದಾಗ ಅತ್ತಿಗೆ ಕೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ಒಣ ಸೌದೆ ಮುರಿದಂತೆಯೇ ಇರುತ್ತದೆ. ಮತ್ತೆ ಎತ್ತಿದ. ಬಾವಿಕಟ್ಟೆಯ ಮೇಲೆ ನೀರು ತುಂಬಿದ ಕೊಡ ಇತ್ತು. ಅದನ್ನೆತ್ತಿ ನನ್ನ ಬಲವೆಲ್ಲ ಹಾಕಿ ಅವನ ಹೆಗಲಿಗೆ ಬಡಿದೆ. ಅವನು ಮೊಣಕಾಲೂರಿದ. ಸರಳು ಉರುಳಿ ತೆಂಗಿನ ಬುಡಕ್ಕೆ ಹೋಯಿತು.

"ಬಿಪಿ ಏರಿತು, ಬಿಪಿ ಏರಿತು" ಎನ್ನುತ್ತಾ ಅಮ್ಮ ಅವನಿಗೆ ನೀರು ತಂದಳು.

"ಅಮ್ಮಾ, ಈಗಷ್ಟೇ ನೋಡಿದೆ ನಾನು. ಬಿಪಿ ಸರಿ ಇತ್ತು" ಎಂದೆ. ಬಾಯಿ ತುಂಬ ರಕ್ತವಿದ್ದುದರಿಂದ ಮಾತು ತೊದಲಿತು. ಆದರೂ ಅವಳಿಗೆ ಕೇಳಿಸಿತು. ಲೋಟ ಹಿಡಿದ ಕೈ ಅಲ್ಲೇ ನಿಂತಿತು.

ಪಕ್ಕದ ಮನೆಯವರ ಕಾರಿನಲ್ಲಿ ಅತ್ತಿಗೆಯನ್ನು ಕುಮಟೆಗೆ ಕರೆದೊಯ್ದೆ. ತವರಿಗೆ ಹತ್ತಿರ, ಮೂಳೆಯ ಡಾಕ್ಟರೂ ಸಿಗುತ್ತಾರೆಂದು. ದಾರಿಯುದ್ದಕ್ಕೂ ಅವಳು ನರಳಲಿಲ್ಲ, ಹಲ್ಲು ಕಚ್ಚಿಕೊಂಡೇ ಇದ್ದಳು. ಆಸ್ಪತ್ರೆಯಲ್ಲಿ ನರ್ಸು ಅವಳ ಒತ್ತಡ ನೋಡಿ ಹುಬ್ಬೇರಿಸಿದರು. "ಉಪ್ಪು ಜಾಸ್ತಿ ತಿಂತೀರಾ?"

"ಅವ್ರು ಉಂಡದ್ದನ್ನೇ ನಾನೂ ಉಂಬುದು" ಎಂದಳು ಅತ್ತಿಗೆ.

ನೋವಿಗೂ ಏರಿರಬಹುದು ಎಂದರು ಡಾಕ್ಟರು. ಕೈಗೆ ಪ್ಲೇಟು ಹಾಕಿ, ನೋವು ಇಳಿದ ಮೇಲೂ ಒತ್ತಡ ಇಳಿಯಲಿಲ್ಲ. ಅಷ್ಟು ತಿಂಗಳು ಆ ಯಂತ್ರ ಅವಳ ಕೈಯಲ್ಲೇ ಇತ್ತು. ಒಂದು ದಿನವೂ ತನ್ನ ತೋಳಿಗೆ ಕಟ್ಟಿಕೊಂಡಿರಲಿಲ್ಲ.

ಅವಳನ್ನು ಸೇರಿಸಿದ ಮರುದಿನ ಅಮ್ಮನ ತಮ್ಮ, ನಮ್ಮ ಸೋದರಮಾವ, ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ಕೂತರು. "ಬಿಪಿ ಮನುಷ್ಯ ಅಂವ. ತಲೆ ಸರಿ ಇರುದಿಲ್ಲ. ಪೊಲೀಸು ಗಿಲೀಸು ಅಂತ ಹೋಗ್ಬೇಡ" ಎಂದರು.

ಅತ್ತಿಗೆ ಎದ್ದು ಕೂತಳು. "ಅವರ ಬಿಪಿ ಸರಿ ಇದೆ ಮಾವ. ನಾನೇ ಉಪ್ಪು ತೂಗಿ ತೂಗಿ ಇಳಿಸಿದ್ದು."

ಅದೇ ಸಂಜೆ ಹೇಳಿಕೆ ಪಡೆಯಲು ಪೊಲೀಸರು ಬಂದರು. ಅತ್ತಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಗೇಟು ಹಾಕಿದ್ದು, ಗಡಿಯಾರ ಬಿಚ್ಚಿದ್ದು ನಾನು ಹೇಳಿದೆ. ಅಣ್ಣನನ್ನು ಒಯ್ದರು. ಕೆಲವು ವಾರಗಳ ಮೇಲೆ ಜಾಮೀನಿನ ಮೇಲೆ ಹೊರಗೆ ಬಂದ. ಅವನ ಒತ್ತಡ ಈಗಲೂ ಸರಿಯಾಗೇ ಇದೆಯಂತೆ.

ಅತ್ತಿಗೆ ಹೊನ್ನಾವರದಲ್ಲಿ ನನ್ನ ಜೊತೆ ಇದ್ದಾಳೆ. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಮಾತ್ರೆ ನುಂಗುತ್ತಾಳೆ. ಒತ್ತಡ ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ. ಹೊರಗೆ ಯಾರಾದರೂ ಬೈಕ್ ನಿಲ್ಲಿಸಿದರೆ ಇಂದಿಗೂ ಅವಳು ಮಾತು ನಿಲ್ಲಿಸಿ ಕಿವಿಗೊಡುತ್ತಾಳೆ.

ಕಳೆದ ತಿಂಗಳು ಅಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಳು. ಬಲಗೆನ್ನೆ ಊದಿ ನೀಲಿಗಟ್ಟಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ಅತ್ತಿಗೆ ಬಟ್ಟೆ ಬಿಸಿಮಾಡಿ ತಂದು ಅವಳ ಕೆನ್ನೆಗೆ ಹಿಡಿದಳು, ಎಂತ ಆತು ಎಂದು ಕೇಳಲಿಲ್ಲ. ಸಂಜೆ ಹೊರಡುವಾಗ ಅಮ್ಮನೇ ಕೇಸಿನ ಮಾತು ತೆಗೆದಳು. ಮುಂದಿನ ತಾರೀಖಿಗೆ ತಾನೂ ಕೋರ್ಟಿಗೆ ಬರುತ್ತೇನೆ ಎಂದಳು. ಯಾರ ಪರವಾಗಿ ಎಂದು ನಾವಿಬ್ಬರೂ ಕೇಳಿಲ್ಲ.