ರಾಮಲಕ್ಷ್ಮಮ್ಮನ ಇರುವೆ ಪಹರೆ

ಸಾನಮಾವು ಕಾಡಂಚಿನ ಅವರೆ ಹೊಲದಲ್ಲಿ ಇನ್ನೂ ಇಬ್ಬನಿ ಆರಿಲ್ಲ. ಐವತ್ತೆಂಟರ ರಾಮಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಲ ಸವರಿದ ರಟ್ಟಿನ ಚೂರುಗಳನ್ನು ಹತ್ತು ಹೆಜ್ಜೆಗೊಂದರಂತೆ ಇಡುತ್ತಾ ಹೋಗುತ್ತಾರೆ. ಒಟ್ಟು ನಲವತ್ತು. ಅರ್ಧ ಗಂಟೆ ಬಿಟ್ಟು ಬಂದು, ಯಾವ ಇರುವೆ ಮುತ್ತಿದೆ ನೋಡಬೇಕು.

"ಅಕ್ಕಾ, ಇರುವೆಗೆಲ್ಲಾ ಬೆಲ್ಲ ಹಾಕ್ತೀಯ, ನನ್ ಕಾಫಿಗೆ ಒಂದ್ ಚೂರೂ ಉಳಿಸ್ಲಿಲ್ವಲ್ಲೇ!" ಬದುವಿನ ಮೇಲೆ ಕೂತ ತಂಗಿ ವರಲಕ್ಷ್ಮಮ್ಮ ಅಣಕಿಸುತ್ತಾರೆ. ಹೊಲ ಈ ತಂಗಿಯದೇ.

"ಸುಮ್ಕಿರೇ. ಹಳದಿಯೋರು ಬಂದವ್ರಾ ನೋಡ್ಬೇಕು."

ಹಳದಿಯೋರು ಎಂದರೆ ಹೊರಗಿನಿಂದ ಬಂದು ಬೀಡುಬಿಟ್ಟ ಉದ್ದ ಕಾಲಿನ ಹಳದಿ ಇರುವೆ. ರಾಮಲಕ್ಷ್ಮಮ್ಮನ ಊರು ಗುಮ್ಮಳಾಪುರದಲ್ಲಿ ಅವು ನಾಟಿ ಇರುವೆಗಳನ್ನು ಓಡಿಸಿ, ಅವರೆ ಗಿಡದ ಹೇನುಗಳನ್ನು ದನದ ಹಾಗೆ ಸಾಕಿಕೊಂಡಿವೆ. ಹೇನು ರಸ ಹೀರಿದ ಗಿಡದಲ್ಲಿ ಕಾಯಿ ನಿಲ್ಲುವುದಿಲ್ಲ.

ಗುಲಾಬಿ ತೋಟಗಳಲ್ಲಿ ಇಪ್ಪತ್ತು ವರ್ಷ ಕಸಿ ಕಟ್ಟಿದ ಕೈ ಇವರದು. ಇರುವೆ ಸಂಶೋಧಕಿ ಮೇಘಶ್ರೀ ಊರಿಗೆ ಬಂದಾಗ ಗೂಡು ತೋರಿಸಲು ಹೋದವರು, ಆ ಕೆಲಸಕ್ಕೇ ಸೇರಿಬಿಟ್ಟರು. ಆಲಸನತ್ತಂನಲ್ಲಿ ಮನೆ ಮಾಡಿರುವ ಮಗಳು ಕಲ್ಪನಾಳ ಅಂಗಳದಲ್ಲೂ ಹಳದಿ ಇರುವೆ ಸಿಕ್ಕಾಗ, ಮೇಘಶ್ರೀ ಎರಡೂ ಊರಿನವನ್ನು ಒಂದೇ ಡಬ್ಬಿಗೆ ಬಿಟ್ಟರು. ಬೇರೆ ಬಳಗದವಾದರೆ ಕಾದಾಡಬೇಕು. ಇವು ಮೀಸೆ ತಾಗಿಸಿಕೊಂಡು ಸುಮ್ಮನೆ ಓಡಾಡಿದವು. ವಂಶವಾಹಿ ಪರೀಕ್ಷೆಯೂ ಅದನ್ನೇ ಹೇಳಿತು: ಒಂದೇ ಸಂತತಿ. ಇವುಗಳ ರಾಣಿ ದೂರ ಹಾರುವುದು ಅಪರೂಪ. ಮಣ್ಣಿನ ಹೆಂಟೆಯೊಳಗೆ ಕೂತು ಊರು ದಾಟುತ್ತದೆ.

ಮನೆಯ ಹೆಣ್ಣು ಹೊಸ ಮನೆ ಮಾಡಿದರೆ, ತವರಿನ ಮಣ್ಣು ಸಮೇತ ಮಲ್ಲಿಗೆ ಗಿಡ ಕೊಡುವುದು ಅವರ ಪದ್ಧತಿ. "ಮಗಳ ಹಿಂದೆ ಇರುವೆ ದಿಬ್ಬಣಾನೂ ನಾನೇ ಕಳಿಸ್ಬುಟ್ಟೆ!" ಎಂದು ಈಗ ನಗುತ್ತಾರೆ. ಅಂದು ನಗಲಿಲ್ಲ. ತಂಗಿ ಹೊಲದಲ್ಲಿ ಮನೆ ಕಟ್ಟಿದಾಗಲೂ ಅಂಥದೇ ಗಿಡ ಕೊಟ್ಟಿದ್ದರು. ವಿಷಯ ತಿಳಿದೊಡನೆ ಇಲ್ಲಿಗೆ ಓಡಿಬಂದು ಅದನ್ನು ಕಿತ್ತು, ಹೆಂಟೆಗೆ ಕುದಿಯುವ ನೀರು ಸುರಿದರು. ಅಲ್ಲಿಂದ ತಿಂಗಳಿಗೊಂದು ತಪಾಸಣೆ. ಇಂದು ಹನ್ನೆರಡನೆಯದು. ಇಂದೂ ಹಳದಿ ಕಾಣದಿದ್ದರೆ ಹೊಲ ಉಳಿದ ಹಾಗೆ.

ಮೂವತ್ತೊಂಬತ್ತು ರಟ್ಟುಗಳಲ್ಲಿ ನಾಟಿ ಇರುವೆಗಳೇ. ಗಿಡ ನೆಟ್ಟಿದ್ದ ಜಾಗದ ಕೊನೆಯ ರಟ್ಟಿಗೆ ಕೈ ಹಾಕಿದವರೇ "ಅಯ್ಯಯ್ಯೋ!" ಎಂದು ಚೀರುತ್ತಾರೆ.

"ಏನಕ್ಕಾ? ಬಂದ್ಬುಟ್ವಾ?"

"ಕಚ್ಬುಡ್ತು ಕಣೇ! ನಮ್ ಕಪ್ಪು ಕಟ್ಟಿರುವೆ! ಹಳದಿಯೋರಿಗೆ ಎಲ್ಲೈತೆ ಈ ಹಲ್ಲು?"

ತಂಗಿ ಅಕ್ಕನ ಬೆರಳು ಹಿಡಿದು ಉಫ್ ಉಫ್ ಎಂದು ಊದುತ್ತಾರೆ. "ಉರೀತೈತಾ?"

"ಉರೀಲಿ ಬಿಡು. ಇಷ್ಟು ಚೆಂದಾಗಿ ಯಾವತ್ತೂ ಉರಿದಿರ್ಲಿಲ್ಲ."