ಮೇಲಿನ ರೂಮಿನ ಮಿಲಿಟ್ರಿ ತಾತ

ಸುಶ್ಮಿತಾಳ ಚಿಂತೆಗಳಿಗೆ ಕೊನೆಮೊದಲಿರಲಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಹಿತ್ತಿಲ ಬಾಗಿಲಿನ ಚಿಲಕ ಬಿದ್ದಿದೆಯೋ ಇಲ್ಲವೋ, ಮಗು ಕೆಮ್ಮಿದ್ದು ಒಣಕೆಮ್ಮೋ ಕಫದ ಕೆಮ್ಮೋ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಲೇ ಇರುತ್ತಿತ್ತು. ಅವಕ್ಕೆಲ್ಲ ಅವಳ ಬಳಿ ಒಂದೇ ಮದ್ದು: ಎದ್ದು ಹೋಗಿ ನೋಡಿ ಬರುವುದು. ಆದರೆ ಮೊನ್ನೆ ಭದ್ರಾವತಿಗೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಮನೆ ಮಾಡಿದ ಚಿಂತೆಗೆ ಆ ಮದ್ದು ನಾಟಲಿಲ್ಲ. ಇಷ್ಟು ದಿನ ಮಗಳನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತಿದ್ದೆ ನಾನು?

ಕಾಗದನಗರದ ಪಕ್ಕದಲ್ಲಿರುವ ದೊಡ್ಡಮ್ಮ ಪದ್ಮಮ್ಮನ ಮನೆಗೆ ಹೋಗಿದ್ದಳು. ಊಟವಾದ ಮೇಲೆ ಮೊಬೈಲಿನಲ್ಲಿ ಮಗಳು ಇಂಚರಳ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದಾಗ ದೊಡ್ಡಮ್ಮನ ಬೆರಳು ಒಂದು ಕಡೆ ನಿಂತಿತು.

"ಇದ್ಯಾರೇ ಮಗು ಪಕ್ಕದಲ್ಲಿ?"

"ನಮ್ಮ ಮೇಲಿನ ರೂಮಿನ ಮಿಲಿಟ್ರಿ ತಾತ, ದೊಡ್ಡಮ್ಮ. ಕಾಶ್ಮೀರದಲ್ಲೆಲ್ಲ ಇದ್ದು ಬಂದೋರು. ನಾನು ಕೆಲಸಕ್ಕೆ ಹೋದಾಗ ಇವಳನ್ನ ಅವರೇ ನೋಡ್ಕೊಳ್ತಾರೆ."

ಪದ್ಮಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಳು. "ಯಾವ ಕಾಶ್ಮೀರನೇ ಮಾರಾಯ್ತಿ! ಇವನು ನಮ್ಮ ಶೇಷಪ್ಪ! ನಿಮ್ಮ ದೊಡ್ಡಪ್ಪನ ಜೊತೆ ಪೇಪರ್ ಮಿಲ್ಲಲ್ಲಿ ಒಂದೇ ಶಿಫ್ಟಲ್ಲಿದ್ದ. ಹಿಂದಿನ ಸಾಲಲ್ಲೇ ಕ್ವಾರ್ಟರ್ಸು. ಇವನು ಕಂಡ ಗಡಿ ಅಂದ್ರೆ ಮಿಲ್ಲಿನ ಗೇಟು, ಅಷ್ಟೇ."

"ಬೇರೆ ಯಾರೋ ಇರ್ಬೇಕು, ದೊಡ್ಡಮ್ಮ."

"ಎಡಗಿವಿ ತುದಿ ಮಡಚ್ಕೊಂಡಿದೆ ನೋಡು. ಇವನ ಹೆಂಡತಿ ಹಾಸಿಗೆ ಹಿಡಿದಾಗ ಗಂಜಿ ಮಾಡಿ ಕಳಿಸ್ತಿದ್ದೋಳು ನಾನು, ನನಗೆ ಗೊತ್ತಾಗಲ್ವಾ? ಮಕ್ಕಳಿಲ್ಲ ಪಾಪ. ಒಳ್ಳೇವ್ನೇ ಕಣೆ. ಆದ್ರೆ ಮಿಲಿಟ್ರಿಗೆ ಯಾವಾಗ ಸೇರಿದ್ನೋ ಕಾಣೆ!" ಎಂದು ಹೊಟ್ಟೆ ಹಿಡಿದು ನಕ್ಕಳು.

ಸುಶ್ಮಿತಾಳಿಗೆ ನಗು ಬರಲಿಲ್ಲ. 'ಒಳ್ಳೇವ್ನೇ' ಎಂಬ ಮಾತು ಕಿವಿಯ ಹೊರಗೇ ಉಳಿಯಿತು.

ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟುತ್ತಿತ್ತು. ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಆಗ ಹಿಂದೆಂದೋ ಕೇಳಿದ ಮಾತೊಂದು ಅವಳಿಗೆ ನೆನಪಾಯಿತು. "ಹಿಮ ಹೇಗಿರುತ್ತೆ ತಾತ?" ಎಂದು ಇಂಚರ ಕೇಳಿದ್ದಳು. ಶೇಷಪ್ಪ ತಡಮಾಡದೆ, "ನೆನೆಸಿದ ಕಾಗದದ ಮುದ್ದೆ ಇರುತ್ತಲ್ಲ ಪುಟ್ಟಿ, ಹಾಗೆ. ಬೆಳ್ಳಗೆ. ಕಾಲಿಟ್ರೆ ಪಚಕ್ ಅನ್ನುತ್ತೆ" ಎಂದಿದ್ದರು. ಎಂಥ ಚೆಂದದ ಹೋಲಿಕೆ ಎಂದು ಅಂದು ಅವಳು ಮೆಚ್ಚಿಕೊಂಡಿದ್ದಳು. ಪಾಪ, ಮನುಷ್ಯ ತಾನು ಕಂಡದ್ದನ್ನೇ ಹೇಳಿದ್ದ.

ಗಂಡ ಪರಶುರಾಮನಿಗೆ ಬೀಜದ ಕಂಪನಿಯಲ್ಲಿ ಕೆಲಸ. ಸೋಮವಾರ ಬ್ಯಾಗು ಹೆಗಲಿಗೇರಿಸಿ ಹಾವೇರಿ, ದಾವಣಗೆರೆ ಕಡೆ ಹೋದನೆಂದರೆ ಮುಖ ಕಾಣುವುದು ಶನಿವಾರವೇ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಒಳಗೆ ತಿರುಗುವ ಈ ಬೀದಿಯಲ್ಲಿ ಸುಶ್ಮಿತಾಳಿಗೆ ಪರಿಚಯವೆಂದರೆ ಬಾಗಿಲಲ್ಲಿ ನಿಂತು ನಗುವಷ್ಟು, ಒಳಗೆ ಕರೆಯುವಷ್ಟಲ್ಲ. ಮನೆಯ ಮೌನ ತಾಳಲಾರದೆಯೇ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಮಧ್ಯಾಹ್ನದ ಬಿಲ್ಲಿಂಗ್ ಕೆಲಸ ಹಿಡಿದದ್ದು. ಮಗುವನ್ನು ಎಲ್ಲಿ ಬಿಡುವುದೆಂದು ಒದ್ದಾಡುತ್ತಿದ್ದಾಗ ಮೆಟ್ಟಿಲ ಮೇಲಿನಿಂದ ಒಂದು ದನಿ, "ನನ್ನ ಹತ್ರ ಇರ್ಲಿ ಬಿಡಮ್ಮ. ನನಗೇನು ರಾಜ್ಯಭಾರ ಇದೆ?" ಎಂದಿತ್ತು. ಅಪರಿಚಿತ ಗಂಡಸು ಎಂಬ ಭಯ ಎದ್ದಿತ್ತು. 'ಮಿಲಿಟ್ರಿಯವರು' ಎಂಬ ಒಂದೇ ಮಾತು ಅದನ್ನು ಸುಮ್ಮನಾಗಿಸಿತ್ತು. ಬೇರೇನನ್ನೂ ಅವಳು ವಿಚಾರಿಸಿರಲಿಲ್ಲ.

ಭದ್ರಾವತಿಯಿಂದ ಬಂದ ಮಾರನೇ ದಿನವೇ ಅಂಗಡಿಗೆ ಹುಷಾರಿಲ್ಲವೆಂದು ಹೇಳಿ ಮನೆಯಲ್ಲೇ ಕೂತಳು. ಇಂಚರ ಬಾಗಿಲು ಬಡಿದು ಬಡಿದು ಅತ್ತಳು. "ತಾತನ ಹತ್ರ ಬಿಡು. ನಾವು ಇವತ್ತು ಬಂಕರ್ ಕಟ್ಟಬೇಕು." ಮೇಲೆ ಚಪ್ಪಲಿಯ ಸದ್ದು ಮೆಟ್ಟಿಲವರೆಗೆ ಬಂದು, ಸ್ವಲ್ಪ ನಿಂತು, ಹಿಂದಕ್ಕೆ ಹೋಯಿತು.

ಮನೆಯ ಓನರ್ ಬಸವರಾಜೇಶ್ವರಿ ಇರುವುದು ವಿನೋಬನಗರದಲ್ಲಿ. ಅವರಿಗೊಂದು ಫೋನ್ ಮಾಡಿದರೆ ಮುಗಿಯಿತು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಸುಶ್ಮಿತಾ ನಂಬರು ಒತ್ತುತ್ತಿದ್ದಳು, ರಿಂಗಾಗುವ ಮುಂಚೆ ಕಟ್ ಮಾಡುತ್ತಿದ್ದಳು. ಊಟಕ್ಕೆ ಕೂತಿದ್ದರೆ? ಪೂಜೆಯಲ್ಲಿದ್ದರೆ? 'ಇಷ್ಟು ದಿನ ಏನು ನೋಡ್ತಿದ್ದೆ' ಎಂದು ಕೇಳಿಬಿಟ್ಟರೆ? ಅವಳಿಗೆ ಯಾರಿಗೇ ಫೋನ್ ಮಾಡುವುದೂ ಬೆಟ್ಟ ಹತ್ತಿದಂತೆ.

ಅಷ್ಟರಲ್ಲಿ ಬೀದಿಯ ವಾಟ್ಸಾಪ್ ಗ್ರೂಪಿಗೆ ಒಂದು ಫ್ಲೆಕ್ಸಿನ ಚಿತ್ರ ಬಂದು ಬಿತ್ತು. ಕಳಿಸಿದವರು ಬೀದಿಯ ಸಂಘದ ಕಾರ್ಯದರ್ಶಿ ರೇಣುಕಾಪ್ರಸಾದ್. 'ನಮ್ಮ ಬೀದಿಯ ಹೆಮ್ಮೆ, ವೀರಯೋಧ ಶೇಷಪ್ಪನವರಿಂದ ಗಣರಾಜ್ಯೋತ್ಸವದ ಧ್ವಜಾರೋಹಣ, ನಂತರ ಸನ್ಮಾನ.' ಎದೆಯ ತುಂಬ ಪದಕ ಹೊತ್ತ ಯಾರೋ ಹರೆಯದ ಸೈನಿಕನ ಮೈ; ಅದರ ಮೇಲೆ ಶೇಷಪ್ಪನ ಮುಖ. ಕತ್ತು ಒಂದು ಬಣ್ಣ, ಕೆನ್ನೆ ಇನ್ನೊಂದು ಬಣ್ಣ. ಕೆಳಗೆ ಮುಗಿದ ಕೈಗಳ ಸಾಲು ಬೆಳೆಯುತ್ತಲೇ ಇತ್ತು.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಸುಶ್ಮಿತಾ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಶೇಷಪ್ಪ ಫೋನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು.

"ಅಮ್ಮ, ನೀನು ಓದಿದೋಳು. ಇದರಲ್ಲಿ ಈ ಪದಕ ಅಷ್ಟನ್ನಾದ್ರೂ ಅಳಿಸೋಕಾಗುತ್ತಾ ನೋಡು."

ಅಳುಕಿದವರಿಗೆ ಕೆಲವೊಮ್ಮೆ ಮಾತು ತಡೆಯಿಲ್ಲದೆ ಬರುತ್ತದೆ. "ಪದಕ ಮಾತ್ರನಾ? ನೀವು ಪೇಪರ್ ಮಿಲ್ಲಲ್ಲಿ ಇದ್ದೋರಂತೆ. ನಮ್ಮ ದೊಡ್ಡಮ್ಮ ಹೇಳಿದ್ರು. ಪದ್ಮಮ್ಮ."

ಶೇಷಪ್ಪ ಮೆಟ್ಟಿಲ ಮೇಲೆ ಕೂತರು. ಕೂರುವಾಗ ಸೊಂಟಕ್ಕೆ ಕೈ ಹೋಯಿತು. "ಪದ್ಮಕ್ಕ ಚೆನ್ನಾಗಿದಾರಾ?" ಎಂದರು.

"ಯಾಕೆ ಹಾಗೆ ಹೇಳಿದ್ರಿ?"

"ಮಿಲ್ಲು ನಿಂತ ಮೇಲೆ ಕ್ವಾರ್ಟರ್ಸ್ ಬಿಟ್ಟೆ. ಹೆಂಡತಿ ಅಷ್ಟರಲ್ಲೇ ಹೋಗಿದ್ಳು. ಮಲವಗೊಪ್ಪದಲ್ಲಿ ಅಣ್ಣನ ಮಗನ ಮನೇಲಿದ್ದೆ; ಟ್ರ್ಯಾಕ್ಟರ್ ಶೆಡ್ಡಲ್ಲಿ ಮಂಚ ಹಾಕ್ಕೊಟ್ಟಿದ್ದ. ಅಲ್ಲಿರೋಕಾಗದೆ ಶಿವಮೊಗ್ಗದಲ್ಲಿ ರೂಮು ಹುಡುಕಿದೆ. ಟು‑ಲೆಟ್ ಬೋರ್ಡ್ ಕಂಡ ಕಡೆಯೆಲ್ಲ ಬೆಲ್ ಹೊಡ್ದೆ. 'ಫ್ಯಾಮಿಲಿ ಇದ್ಯಾ?' ಅಂತಾರೆ. 'ಇಲ್ಲ, ಒಬ್ನೇ' ಅಂದ ತಕ್ಷಣ ಬಾಗಿಲು. ಹುಡುಗರಿಗಾದ್ರೆ ಗಲಾಟೆ ಮಾಡ್ತಾರೆ ಅಂತ ಕೊಡಲ್ಲ. ನನ್ನಂಥೋನಿಗೆ, ಸತ್ತು ಬಿದ್ರೆ ಏನ್ಮಾಡೋದು ಅಂತ ಕೊಡಲ್ಲ. ಒಬ್ಬಮ್ಮ ಮುಖದ ಮೇಲೇ ಹೇಳಿದ್ಲು."

"ಅದಕ್ಕೆ?"

"ಬ್ರೋಕರ್ ಯೋಗರಾಜ್ ಅಂತ ಒಬ್ಬ. 'ಯಜಮಾನ್ರೇ, ನೀವು ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ, ಮಾತು ನಂದು' ಅಂದ. ಬಸವರಾಜೇಶ್ವರಮ್ಮನ ಮುಂದೆ, 'ಮಿಲಿಟ್ರಿಯಿಂದ ರಿಟೈರಾದೋರು, ಶಿಸ್ತಿನ ಮನುಷ್ಯ' ಅಂದ್ಬಿಟ್ಟ. ನಾನು ಸೊಂಟನೋವಿಗೆ ಬೆಲ್ಟ್ ಕಟ್ಟಿದ್ದೆ, ಬಗ್ಗೋಕಾಗದೆ ನೆಟ್ಟಗೆ ನಿಂತಿದ್ದೆ. ಆಯಮ್ಮ ನೋಡಿ, 'ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ ಬಿಡಿ' ಅಂದು ಬೀಗದಕೈ ಕೊಟ್ರು."

ಸುಶ್ಮಿತಾಳಿಗೆ ನಗು ಉಕ್ಕಿತು. ತಡೆದುಕೊಂಡಳು.

"ಹೇಳಿದ್ದು ಅವನು. ಆದ್ರೆ ಒಗ್ಗರಣೆ ಹಾಕಿದ್ದು ನಾನೇ ಅಮ್ಮ," ಎಂದರು ಶೇಷಪ್ಪ. "ಮಿಲ್ಲಲ್ಲಿ ಅಷ್ಟು ವರ್ಷ ದುಡಿದೆ, ಒಬ್ರೂ ಎದ್ದು ನಿಂತೋರಿಲ್ಲ. ಇಲ್ಲಿ ಹಾಲಿನ ಅಂಗಡೀಲಿ ಸ್ಟೂಲು ಬಿಟ್ಕೊಡ್ತಾರೆ. ರುಚಿ ಹತ್ತಿತು. ಹಿಮ ಅಂದೆ, ಬಂಕರ್ ಅಂದೆ. ಒಂದಿನ ಹಿಂದಿನ ಬೀದಿ ಸೌಂದರ್ಯ ಬಂದ್ಲು. ಅವಳ ಗಂಡ ನಿಜವಾಗ್ಲೂ ಬಾರ್ಡರಲ್ಲಿದಾನೆ. ವಾರದಿಂದ ಫೋನಿಲ್ಲ, ಹೀಗಾಗೋದುಂಟಾ ಅಂತ ಅತ್ಕೊಂಡು ಕೇಳಿದ್ಲು. 'ಉಂಟು ಬಿಡಮ್ಮ, ನಮ್ಗೂ ಹಾಗೇ ಆಗ್ತಿತ್ತು' ಅಂದೆ. ಅವಳು ಕಾಲಿಗೆ ಬಿದ್ಲು. ಆವತ್ತಿಂದ ಅನ್ನ ಸರಿಯಾಗಿ ಇಳಿದಿಲ್ಲ."

ಅವನ ಫೋನ್ ಆಮೇಲೆ ಬಂತಾ ಎಂದು ಸುಶ್ಮಿತಾ ಕೇಳಿದಳು. ಬಂತು ಎಂದರು. ಇಬ್ಬರೂ ಉಸಿರು ಬಿಟ್ಟರು.

"ಬಾವುಟದ ಹಗ್ಗ ಹಿಡಿಯೋ ಕೈ ಇದಲ್ಲ," ಎಂದು ಶೇಷಪ್ಪ ಎದ್ದರು. "ಆ ದಿನದೊಳಗೆ ರೂಮು ಖಾಲಿ ಮಾಡ್ತೀನಿ. ಶೆಡ್ಡು ಇದ್ದೇ ಇದೆ. ರೇಣುಕಾಪ್ರಸಾದ್ರಿಗೆ ಈಗಲೇ ಹೇಳ್ತೀನಿ, ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಡಿ ಅಂತ. ಮಗೂಗೆ ಮಾತ್ರ... ಮಗೂಗೆ ನಾನೇ ಹೇಳ್ಲಾ?"

ಸುಶ್ಮಿತಾ ಏನಾದರೂ ಹೇಳುವ ಮೊದಲೇ ಇಂಚರ ಅವಳ ಕಾಲಿನ ಸಂದಿಯಿಂದ ತೂರಿ ಹೊರಬಂದಳು. "ತಾತ, ಜ್ವರ ಬಂದಿತ್ತಾ?"

"ಇಲ್ಲ ಪುಟ್ಟಿ. ತಾತ ಮಿಲಿಟ್ರಿಗೆ ಹೋಗೇ ಇಲ್ಲ. ಕಾಗದ ಮಾಡ್ತಿದ್ದೆ. ಸುಳ್ಳು ಹೇಳಿದ್ದೆ."

ಮಗು ಹುಬ್ಬು ಗಂಟಿಕ್ಕಿ ಯೋಚಿಸಿತು. "ಡ್ರಾಯಿಂಗ್ ಬುಕ್ಕಿನ ಕಾಗದನಾ?"

"ಅದೂ ಇದ್ದೀತು."

"ಮತ್ತೆ ಬಂಕರ್ ಯಾರು ಕಟ್ತಾರೆ?"

ಶೇಷಪ್ಪ ಅವಳ ತಲೆ ಮುಟ್ಟಲು ಕೈ ಚಾಚಿ, ಸುಶ್ಮಿತಾಳ ಮುಖ ನೋಡಿ, ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಹಿಂದಕ್ಕೆ ಹೋದ ಆ ಕೈ ಸುಶ್ಮಿತಾಳ ಕಣ್ಣಿನಿಂದ ಹೋಗಲೊಲ್ಲದು. ಈ ಮಗುವಿಗೆ ಮಾತ್ರೆ ನುಂಗಿಸಿದ್ದು, ಮೂಗು ಒರೆಸಿದ್ದು ಅದೇ ಕೈ. ಪದಕ ಹಾಕಿಕೊಂಡ ಯಾರೋ ಬಂದು ಮಾಡಿದ್ದಲ್ಲ.

ಮರುದಿನ ಮೇಲಿನಿಂದ ಎಂದಿನ ರೇಡಿಯೋ ಕೇಳಲಿಲ್ಲ. ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು, ಹಗ್ಗ ಬಿಗಿಯುವಾಗಿನ ಏದುಸಿರು. ಗ್ರೂಪಿನಲ್ಲಿ ರೇಣುಕಾಪ್ರಸಾದ್ ಫ್ಲೆಕ್ಸನ್ನು ಅಳಿಸಿದ್ದರು. ಯಾಕೆಂದು ಹೇಳಿರಲಿಲ್ಲ, ಆದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಸುಶ್ಮಿತಾ ಗ್ಯಾಸ್ ನೋಡಿ ಬಂದಳು. ಚಿಲಕ ನೋಡಿ ಬಂದಳು. ಮತ್ತೆ ಗ್ಯಾಸ್ ನೋಡಿದಳು. ಇಷ್ಟು ದಿನ ಈ ಮನೆಯಲ್ಲಿ ತಾನು ಒಬ್ಬಳೇ ಎಂದುಕೊಂಡಿದ್ದಳು. ತಲೆಯ ಮೇಲೆ ಓಡಾಡುವ ಆ ಚಪ್ಪಲಿಯ ಸದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾಳೆಯಿಂದ ಅದೂ ಇಲ್ಲ.

ಫೋನ್ ಎತ್ತಿಕೊಂಡಳು. ಈ ಸಲ ರಿಂಗಾಯಿತು.

"ಹಲೋ, ಯಾರು?"

"ಬಸವರಾಜೇಶ್ವರಿ ಆಂಟಿ, ನಾನು ಸುಶ್ಮಿತಾ. ಕೆಳಗಿನ ಮನೆ. ಊಟ ಆಯ್ತಾ? ಆಂಟಿ, ಮೇಲಿನ ರೂಮಿನವರ ವಿಷಯ. ಅವರು ಮಿಲಿಟ್ರಿಯವರಲ್ಲ. ಭದ್ರಾವತಿ ಮಿಲ್ಲಲ್ಲಿದ್ದೋರು. ಸುಳ್ಳು ಹೇಳಿದ್ದು ತಪ್ಪೇ, ಅವರೇ ಒಪ್ಕೊಂಡಿದಾರೆ."

"ಅಯ್ಯೋ ಶಿವನೇ! ನಿಂತಿದ್ದು ನೋಡಿದ್ರೆ ಹಾಗನ್ನಿಸಲಿಲ್ವಲ್ಲೇ! ನಾಳೆನೇ ಖಾಲಿ ಮಾಡಿಸ್ತೀನಿ ತಾಳು."

"ಬೇಡ ಆಂಟಿ. ಅದಕ್ಕೇ ಮಾಡಿದೆ ಫೋನು." ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. "ನನ್ನ ಮಗಳನ್ನ ನಾಳೆಯಿಂದ ಮತ್ತೆ ಅವರ ಹತ್ರಾನೇ ಬಿಡ್ತೀನಿ."

"ಅದು ನಿನ್ನಿಷ್ಟ. ಒಂಟಿ ಮನುಷ್ಯ, ಹೆಚ್ಚುಕಮ್ಮಿ ಆದ್ರೆ ಬಂದು ನೋಡೋರು ಯಾರೇ?"

ಸುಶ್ಮಿತಾ ತಲೆಯೆತ್ತಿ ಸೂರು ನೋಡಿದಳು. ಮೇಲೆ ಹಗ್ಗದ ಸದ್ದು ನಿಂತಿತ್ತು.

"ನಾನು ನೋಡ್ತೀನಿ ಆಂಟಿ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತಗೊಂಡು ಹೋಗಿ ಬಾಗಿಲು ತಟ್ತೀನಿ. ಒಂದು ಚಿಲಕಾನೇ ಹತ್ತು ಸಲ ನೋಡಿ ಬರೋಳು ನಾನು. ಇನ್ನೊಂದು ಬಾಗಿಲು ನೋಡೋದು ನನಗೆ ಕಷ್ಟವಾ, ಹೇಳಿ?"