ಸೋತ ಮೇಲೆ ಉತ್ತರ ಹೇಳಲು ಹೊರಟಾಗ

ಬೆಳಿಗ್ಗೆ ಏಳಕ್ಕೇ ಮೈಕು, ಬ್ಯಾಟರಿ, ಲೌಡ್‌ಸ್ಪೀಕರ್ ಹೊತ್ತು ಕಡೂರು ಬಸ್ ನಿಲ್ದಾಣಕ್ಕೆ ಬಂದೆ. ನಮ್ಮ ಮಾಜಿ ಎಂ.ಪಿ. ಸಾಹೇಬರು ಆಗಲೇ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಜೀಪಿಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು.

ಅವರು ನಾಲ್ಕು ಚುನಾವಣೆಗೆ ನಿಂತವರು. ಮೊದಲನೆಯದು ಸೋತರು, ನಡುವಿನ ಎರಡು ಗೆದ್ದರು, ಕಳೆದ ಸಲದ್ದು ಮತ್ತೆ ಸೋತರು. ಕೊನೆಯ ಎರಡಕ್ಕೆ ಜೀಪಿನಲ್ಲಿ ಮೈಕು ಹಿಡಿದವನು ನಾನು. ಸಿಕ್ಕವರ ದನಿಯನ್ನೆಲ್ಲ ಅಣಕಿಸುವುದು ನನ್ನ ಚಟ. ಅಮಲ್ದಾರರು, ಕಂಡಕ್ಟರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ಯಾರೂ ಸಿಗದ ದಿನ ನನ್ನ ಉಗ್ಗನ್ನೇ ಅಣಕಿಸಿಕೊಳ್ಳುತ್ತೇನೆ; ಬೇರೆಯವರ ದನಿ ಹಿಡಿದರೆ ಅದು ಮಾಯ. ಸಾಹೇಬರ ದನಿ ನನಗೆ ಎಷ್ಟು ಪಳಗಿತ್ತೆಂದರೆ, ಒಮ್ಮೆ ಅವರು ಸೀಟಿನಲ್ಲೇ ನಿದ್ದೆಹೋದಾಗ ಹಿರೇನಲ್ಲೂರಿನವರ ಮತ ಕೇಳಿದ್ದು ನಾನೇ. ಹಾರ ಮಾತ್ರ ಅವರ ಕೊರಳಿಗೆ ಬಿತ್ತು.

ಈಗ ಆ ದನಿ ನನ್ನಲ್ಲಷ್ಟೇ ಉಳಿದಿತ್ತು. ಸೋತ ಮರುವರ್ಷ ಗಂಟಲಿನ ಆಪರೇಷನ್ ಆಗಿ, ಕಿವಿಯ ಹತ್ತಿರ ಬಂದರಷ್ಟೇ ಕೇಳಿಸುವ ಪಿಸುಮಾತಿಗೆ ಇಳಿದಿದ್ದರು. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಹಿಂದಿನ ವಾರ ನನ್ನನ್ನು ಕರೆಸಿ ಬರೆದಿದ್ದರು: "ಅಜ್ಜಂಪುರ, ತರೀಕೆರೆಯಲ್ಲಿ ಜನರ ಮುಂದೆ ನಿಲ್ಲಬೇಕು. ನಿನ್ನ ಬಾಯಿ ಬೇಕು."

ಕಾರಣ ಅವರ ಚೀಲದಲ್ಲಿತ್ತು: ಮಡಿಕೆ ಹರಿದ ಒಂದು ಮಸೂದೆ. ಗೆದ್ದವರು ವರ್ಷಕ್ಕೊಮ್ಮೆ ಪ್ರತಿ ತಾಲ್ಲೂಕಿನಲ್ಲೂ ಜನರೆದುರು ನಿಂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು ಎಂದು ಲೋಕಸಭೆಯಲ್ಲಿ ಅವರು ತಾವಾಗಿ ಮಂಡಿಸಿದ್ದು. ಇಂಥ ಖಾಸಗಿ ಮಸೂದೆಗಳ ಚರ್ಚೆಗೆ ಅಲ್ಲಿ ಶುಕ್ರವಾರದ ಮಧ್ಯಾಹ್ನವಂತೆ, ಅದಕ್ಕೂ ಚೀಟಿ ಎತ್ತುತ್ತಾರಂತೆ. ಎಷ್ಟೋ ಶುಕ್ರವಾರ ಕಾದರೂ ಇವರ ಚೀಟಿ ಬರಲಿಲ್ಲ. ಲೋಕಸಭೆ ವಿಸರ್ಜನೆಯಾಯಿತು, ಮಸೂದೆ ಬಿದ್ದುಹೋಯಿತು. ಕಾನೂನು ಆಗದಿದ್ದರೇನು, ತಾವಾದರೂ ಹಾಗೆ ನಿಂತು ಉತ್ತರ ಹೇಳಬೇಕೆಂದು ಈಗ ಹೊರಟಿದ್ದರು.

ಬೀರೂರು ದಾಟಿ ಅಜ್ಜಂಪುರ ಸೇರುವಾಗ ಒಂಬತ್ತಾಗಿತ್ತು. ಟಿಕೆಟ್ಟು ತಲಾ ಮೂರು ರೂಪಾಯಿ. ಸಾಹೇಬರು ಹಟ ಹಿಡಿದು ಇಬ್ಬರದೂ ಕೊಟ್ಟರು. ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು, ಈರುಳ್ಳಿ ಮೂಟೆಗಳ ಪಕ್ಕದಲ್ಲಿ ಮೈಕು ಕಟ್ಟಿದೆವು. ಏನು ಕೇಳುವುದಿದ್ದರೂ ಕೇಳಿ ಎಂದು ಅವರು ಬರೆದುಕೊಟ್ಟದ್ದನ್ನು ಅವರದೇ ದನಿಯಲ್ಲಿ ಶುರುಮಾಡಿದೆ. ಜನ ಓಡಿ ಬಂದರು.

"ಎಲೆಕ್ಷನ್ ಇನ್ನೂ ದೂರ ಐತಲ್ಲ ಕಣ್ರೀ, ಈಗ್ಲೇ ಬಂದ್ಬಿಟ್ರಾ?" ಎಂದ ಮೂಟೆಯ ಮೇಲೆ ಕೂತ ವ್ಯಾಪಾರಿ.

"ಲೇ, ಅವ್ರ ಬಾಯಿ ಅಲ್ಲಾಡ್ತಿಲ್ಲ ಕಣೋ, ದನಿ ಮಾತ್ರ ಬತ್ತೈತೆ!" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ನಗು ಕೇಳಿದರೆ ನನ್ನ ನಾಲಿಗೆ ನಿಲ್ಲುವುದಿಲ್ಲ. ಹಳೇ ಜೀಪಿನ ಅಭ್ಯಾಸದಲ್ಲಿ, "ಮುಂದಿನ ಬೇಸಿಗೆಗೆ ನಿಮ್ಮ ಹಳ್ಳಕ್ಕೆ ಸೇತುವೆ ಖಂಡಿತ!" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಸಾಹೇಬರು ಸ್ಲೇಟನ್ನು ನನ್ನ ಮೂಗಿಗೆ ಹಿಡಿದರು: "ಸೋತಿದ್ದೇನೆ. ಭರವಸೆ ಕೊಡಬೇಡ."

ತರೀಕೆರೆಯ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತರು. ಇದೇ ರಸ್ತೆಯಲ್ಲಿ ಒಂದು ಕಾಲಕ್ಕೆ ಅವರ ನಿಜವಾದ ದನಿ ಕೇಳಿ ಜನ ಒಕ್ಕಣೆಯ ಕಣದಿಂದ ಕೈಬೀಸಿದ್ದರು. "ಅಜ್ಜಂಪುರ ಚೆನ್ನಾಗಾಯ್ತಲ್ವಾ ಸಾರ್?" ಎಂದೆ. ಸ್ಲೇಟು ಎತ್ತಿ ಬರೆದರು: "ಎಲ್ಲರೂ ನಿನ್ನನ್ನು ಕೇಳಿದರು. ಒಬ್ಬರಾದರೂ ನನ್ನನ್ನು ಕೇಳಿದ್ದರೆ."

ತರೀಕೆರೆ ನಿಲ್ದಾಣದಲ್ಲಿ ನಾಲ್ಕು ಗಂಟೆಗೂ ಬಿಸಿಲು ಇಳಿದಿರಲಿಲ್ಲ. ಬಸ್ಸು ಕಾಯುವವರೇ ನಮ್ಮ ಸಭೆ. ನಾನು ಓದಿ ಮುಗಿಸಿದೆ. ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆಗ ಅಮೃತಾಪುರದ ಒಬ್ಬ ಅಜ್ಜಿ, ತೆಂಗಿನಕಾಯಿ ಚೀಲ ಇಳಿಸಿ ಮುಂದೆ ಬಂದಳು.

"ಎರಡು ಸಲ ಗೆದ್ಯಲ್ಲಪ್ಪಾ, ಗೆದ್ದ ಮೇಲೆ ನಮ್ಮೂರಿಗೆ ಒಂದ್ ಸಲನೂ ಯಾಕ್ ಬರ್ಲಿಲ್ಲ?"

ನಾನು ತಕ್ಷಣ ಸಾಹೇಬರ ದನಿ ಎತ್ತಿದೆ: "ತಾಯೀ, ದೆಹಲಿಯ ಕಾರ್ಯಬಾಹುಳ್ಯದಿಂದ..."

"ನೀನ್ ಸುಮ್ಕಿರು ಮಗಾ. ನಾನ್ ಕೇಳಿದ್ದು ಇವ್ರನ್ನ."

ಸಾಹೇಬರು ಸ್ಲೇಟನ್ನು ಬೆಂಚಿನ ಮೇಲಿಟ್ಟರು. ನನ್ನ ಕೈಯಿಂದ ಮೈಕು ತೆಗೆದು ತುಟಿಗೆ ಒತ್ತಿಕೊಂಡರು. ಒಣಗಿದ ತೆಂಗಿನ ಗರಿ ಗಾಳಿಗೆ ಉಜ್ಜಿದಂಥ ಸದ್ದು ನಿಲ್ದಾಣದ ತುಂಬ ಹರಡಿತು.

"ಇದನ್ನೇ ಕೇಳ್ತೀರಿ ಅಂತ ಹೆದರ್ಕೊಂಡಿದ್ದೆ ಕಣವ್ವಾ. ಅದಕ್ಕೇ ಬರ್ಲಿಲ್ಲ. ಬರ್ಬೇಕಿತ್ತು."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಈಗ್ ಬಾ. ಬಸ್ಸು ನಿಂತೈತೆ. ರೊಟ್ಟಿ ತಿಂದು ಹೋಗೀವಂತೆ."

ಅವರು ನನ್ನ ಭುಜ ತಟ್ಟಿ, ಮೈಕು ಕೈಗಿತ್ತು, ಅವಳ ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಕಡೂರಿನ ಬಸ್ಸು ಹತ್ತಿ ಸೀಟಿನಲ್ಲಿ ಕೂತ ಮೇಲೆ ಬೆಂಚಿನ ಮೇಲಿದ್ದ ಸ್ಲೇಟು ಕಣ್ಣಿಗೆ ಬಿತ್ತು. ಕಿಟಕಿಯಿಂದ ತಲೆ ಹಾಕಿ, ಗೆದ್ದ ಕಾಲದ ಅವರ ಆ ತುಂಬು ದನಿಯಲ್ಲೇ ಕೂಗಿದೆ: "ಸ್ಲೇಟು!"

ಇಡೀ ನಿಲ್ದಾಣ ತಿರುಗಿ ನೋಡಿತು. ನೂಕುನುಗ್ಗಲಿನ ಕೊನೆಗೆ ಅಮೃತಾಪುರದ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ ಅವರೊಬ್ಬರು ಮಾತ್ರ ತಿರುಗಲಿಲ್ಲ.